ಟಾರ್ಗೆಟ್ ಬೋರ್ಡು ಕಾಣುತ್ತೆ, ಈ ನೋಟಿಸು ಯಾಕೆ ಕಾಣಲ್ಲ?

ಬೆಳಗಾಗುತ್ತಲೇ ವ್ಯಾನು ಹತ್ತಿ ಮದ್ದೂರು, ರಾಮನಗರ, ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿಗೆ ಹೋಗುವ ನಿಮ್ಮೂರ ಹೆಣ್ಣುಮಕ್ಕಳನ್ನು ಕೇಳಿ ನೋಡಿ: ಲೈಂಗಿಕ ಕಿರುಕುಳವಾದರೆ ದೂರು ಯಾರಿಗೆ ಕೊಡಬೇಕು ಅಂತ ಫ್ಯಾಕ್ಟರಿ ಗೋಡೆ ಮೇಲೆ ಎಲ್ಲಿ ಬರೆದಿದೆ?

ಬರೆದಿರಲೇಬೇಕು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 19ನೇ ಕಲಂ ಪ್ರಕಾರ, ಕಿರುಕುಳಕ್ಕೆ ಏನು ಶಿಕ್ಷೆ ಎಂಬುದನ್ನೂ ಆಂತರಿಕ ಸಮಿತಿ ರಚಿಸಿದ ಆದೇಶವನ್ನೂ ಎದ್ದು ಕಾಣುವ ಕಡೆ ಹಾಕಬೇಕು. 10 ಜನ ಕೆಲಸಕ್ಕಿದ್ದರೆ ಸಮಿತಿ ಕಡ್ಡಾಯ. ತಪ್ಪಿದ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ.

ಮ್ಯಾನೇಜರ್ ಕೋಣೆಯೊಳಗೆ ಇಂಗ್ಲಿಷಿನಲ್ಲಿ ಅಂಟಿಸಿದ ಹಾಳೆ ಅಧಿಕಾರಿಗಳ ಕಣ್ಣೊರೆಸಲು ಅಷ್ಟೇ. ಗಂಟೆಗೆ ಎಷ್ಟು ಪೀಸು ಅಂತ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಯುವವರಿಗೆ, ಇದನ್ನು ಕನ್ನಡದಲ್ಲಿ ಬರೆಯಲು ಕೈ ನೋಯುತ್ತದೆಯೇ?

ದೂರಿಗೆ 3 ತಿಂಗಳ ಗಡುವಿದೆ. ಯಾರಿಗೆ ಹೇಳಬೇಕೆಂದು ಹುಡುಕುವುದರಲ್ಲೇ ಅದು ಮುಗಿದರೆ ಲಾಭ ಯಾರಿಗೆ? ಬರೆಯಲು ಬಾರದವರ ದೂರನ್ನು ಬರೆಯಲು ನೆರವಾಗುವುದೂ ಸಮಿತಿಯ ಕೆಲಸವೇ. ದೂರು ಮಾಲೀಕರ ಮೇಲೇ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. ಇದನ್ನೆಲ್ಲ ಗೊತ್ತುಪಡಿಸಬೇಕಾದ ಗೋಡೆಯೇ ಖಾಲಿ.

ನಾಳೆ ಪಂಚ್ ಮಾಡುವಾಗ ಗೋಡೆ ನೋಡಿ. ನೋಟಿಸು ಇಲ್ಲದಿದ್ದರೆ ಎಲ್ಲಿ ಅಂತ ಕೇಳಿ. ಒಬ್ಬರೇ ಹೋಗಬೇಡಿ, ಇಡೀ ಲೈನು ಸೇರಿ ಕೇಳಿ.