ರಾತ್ರಿ ಶಾಲೆಯ ಹುಡುಗನಿಗೆ ನಾಟಕ ಬೇಡವೇ?



ನಮ್ಮ ಕನ್ನಡ ರಾತ್ರಿ ಶಾಲೆಗಳಲ್ಲಿ ಹುಡುಗರು ನಿಲ್ಲುವುದಿಲ್ಲ ಎಂಬ ದೂರು ಹೋದಲ್ಲೆಲ್ಲ ಕೇಳಿಬರುತ್ತಿದೆ. ಜೂನಿನಲ್ಲಿ ಹೆಸರು ಹಚ್ಚಿದವನು ದೀಪಾವಳಿಯ ಹೊತ್ತಿಗೆ ನಾಪತ್ತೆ. ಇದಕ್ಕೆ ಮದ್ದಾಗಿ ನಾಟಕ, ಚರ್ಚಾಕೂಟ, ಕೈಬರಹದ ಪತ್ರಿಕೆ ಇವುಗಳ ಮಂಡಳಿಗಳನ್ನು ಶಾಲೆಯಲ್ಲೇ ಕಟ್ಟಿರಿ ಎಂದು ನಾವು ಹೇಳಿದರೆ ಆಡಳಿತದ ಹಿರಿಯರು ನಗುತ್ತಾರೆ. “ದಿನವಿಡೀ ದುಡಿದು ಬರುವವನಿಗೆ ನಾಟಕ ಯಾಕಯ್ಯಾ? ಎಸ್.ಎಸ್.ಸಿ. ಒಂದು ಪಾಸಾದರೆ ಸಾಕು” ಎನ್ನುತ್ತಾರೆ.

ಮಹನೀಯರೇ, ಪಾಸಾಗಬೇಕಾದರೆ ಮೊದಲು ಅವನು ಬೆಂಚಿನ ಮೇಲೆ ಕುಳಿತಿರಬೇಕಲ್ಲ?

ನಾವೂ ಆ ಬೆಂಚಿನಿಂದಲೇ ಬಂದವರು. ನಸುಕಿನಲ್ಲೆದ್ದು, ಮೋರಿಯಲ್ಲಿ ತಟ್ಟೆ ತೊಳೆದು, ಟೇಬಲು ಒರೆಸಿ, ಸಂಜೆ ಒದ್ದೆ ಅಂಗಿಯಲ್ಲೇ ಶಾಲೆಗೆ ಓಡಿದವರು. ಲೆಕ್ಕದ ಪಾಠ ಸುರುವಾಯಿತೆಂದರೆ ತಲೆ ಡೆಸ್ಕಿನ ಮೇಲೆ. ಒಂದು ವರ್ಷ ಒಬ್ಬ ಮಾಸ್ತರರು ಶುಕ್ರವಾರದ ಕೊನೆಯ ಅರ್ಧ ತಾಸನ್ನು ನಮ್ಮ ಕೈಗೇ ಕೊಟ್ಟರು. ಗೋಡೆ ಪತ್ರಿಕೆ ಮಾಡಿದೆವು. ದೋಸೆ ಕಲ್ಲಿನ ಮುಂದೆ ನಿಲ್ಲುವವನು ಕಲ್ಲಿನ ಕಾವಿನ ಬಗ್ಗೆ ಬರೆದ. ತರಗತಿಯಲ್ಲಿ ಬಾಯಿಯೇ ಬಿಡದ ಮೋರಿಯ ಹುಡುಗ, ಊರಿನ ಅಮ್ಮನಿಗೆ ಬರೆದು ಕಳಿಸದೆ ಉಳಿಸಿಕೊಂಡಿದ್ದ ಕಾಗದವನ್ನು ತಂದು ಅಂಟಿಸಿದ. ಶುಕ್ರವಾರ ಯಾರೂ ತಪ್ಪಿಸುತ್ತಿರಲಿಲ್ಲ. ಶುಕ್ರವಾರದ ಆಸೆಗೆ ಗುರುವಾರವೂ ಬರುತ್ತಿದ್ದೆವು. ಅಷ್ಟಿಷ್ಟು ಲೆಕ್ಕವೂ ಕಿವಿಗೆ ಬೀಳುತ್ತಿತ್ತು. ಮರುವರ್ಷ ಮಾಸ್ತರರು ಹೋದರು, ಗೋಡೆಗೆ ಸುಣ್ಣ ಬಂತು. ಎಂಟನೆಯ ತರಗತಿಯನ್ನು ನಡುವಿನಲ್ಲೇ ಬಿಟ್ಟವರ ಪಟ್ಟಿಯಲ್ಲಿ ನಮ್ಮ ಹೆಸರೂ ಇದೆ.

ನಾಟಕ ಬೇಡ ಎನ್ನುವವರಿಗೆ ವಾರ್ಷಿಕೋತ್ಸವ ಮಾತ್ರ ಬೇಕು! ವೇದಿಕೆಯ ಮೇಲೆ ಎರಡು ಸಾಲು ದಾನಿಗಳು, ಶಾಲು, ಹಾರ, ಹಣ್ಣಿನ ಬುಟ್ಟಿ, ಮೂರು ತಾಸು ಭಾಷಣ. ಹುಡುಗರ ಪಾಲಿಗೆ ಕೊನೆಯ ಹತ್ತು ನಿಮಿಷ. ಅಲ್ಲಿಯವರೆಗೆ ಅವರು ಕುರ್ಚಿ ಹೊರುತ್ತಾರೆ, ಚಹಾ ಹಂಚುತ್ತಾರೆ. ಹೋಟೆಲಿನಲ್ಲಿ ಮಾಡಿದ್ದೂ ಅದೇ ಕೆಲಸ; ಅಲ್ಲಿಯಾದರೆ ಸಂಬಳವಾದರೂ ಇದೆ.

ಈ ಶಾಲೆಗಳು ನಿನ್ನೆ ಮೊನ್ನೆಯವಲ್ಲ. ೧೯೦೨ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ರಾತ್ರಿ ಶಾಲೆ ನಡೆಸಿತು. ಬಿಲ್ಲವರ ಅಸೋಸಿಯೇಶನ್ ಗುರುನಾರಾಯಣ ರಾತ್ರಿ ಪ್ರೌಢಶಾಲೆಯನ್ನು ನಡೆಸಿತು. ತಟ್ಟೆ ತೊಳೆಯುತ್ತ ಇಂಥಲ್ಲಿ ಓದಿದವರು ಬ್ಯಾಂಕು, ಕಚೇರಿ ಸೇರಿದರು. ಮುಂಬಯಿ ಕನ್ನಡದ ರಂಗಭೂಮಿಗೂ ಪತ್ರಿಕೆಗಳಿಗೂ ಈ ಬೆಂಚುಗಳಿಂದ ಜನ ಬಂದರು. ಬರಿಯ ಗೈಡು ಬಾಯಿಪಾಠ ಮಾಡಿ ಬಂದರೇ?

ಸರಕಾರದ ತಪ್ಪೂ ಸಣ್ಣದಲ್ಲ. ೨೦೧೭ರಲ್ಲಿ, ಹಗಲು ಶಾಲೆಯಲ್ಲೂ ಕೆಲಸವಿದ್ದ ಶಿಕ್ಷಕರನ್ನು ಮಹಾರಾಷ್ಟ್ರ ಸರಕಾರ ರಾತ್ರಿ ಶಾಲೆಗಳಿಂದ ತೆಗೆದುಹಾಕಿತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯಾದರೋ ಪಾಠ, ಪಾಠೇತರ ಎಂಬ ಗಟ್ಟಿ ಗೋಡೆಯೇ ಬೇಡ ಎನ್ನುತ್ತದೆ. ಆರರಿಂದ ಎಂಟನೆಯ ತರಗತಿಯ ನಡುವೆ ೧೦ ದಿನ ಪುಸ್ತಕದ ಚೀಲವೇ ಇಲ್ಲದ ಕಲಿಕೆ ಇರಲಿ ಎನ್ನುತ್ತದೆ. ಚೀಲ ಕೊಳ್ಳಲೂ ಕಾಸಿಲ್ಲದ ನಮ್ಮ ಹುಡುಗನ ಬಾಗಿಲಿಗೆ ಆ ಮಾತು ಇನ್ನೂ ಬಂದಿಲ್ಲ.

ನಾವು ಕೇಳುವುದು ದೊಡ್ಡದೇನಲ್ಲ. ವಾರಕ್ಕೆರಡು ಅರ್ಧ ತಾಸು, ವೇಳಾಪಟ್ಟಿಯ ಒಳಗೇ ಇರಬೇಕು. ಶಾಲೆ ಬಿಟ್ಟ ಮೇಲೆ ಎಂದರೆ ಆಗದು. ಒಬ್ಬನಿಗೆ ವಿರಾರಿನ ಗಾಡಿ ತಪ್ಪುತ್ತದೆ, ಇನ್ನೊಬ್ಬನಿಗೆ ಹೋಟೆಲಿನ ಬಾಗಿಲು ಮುಚ್ಚುತ್ತದೆ. ಮಂಡಳಿಯ ಕಾರ್ಯದರ್ಶಿಯನ್ನು ಹುಡುಗರೇ ಆರಿಸಲಿ, ಲೆಕ್ಕ ಅವರೇ ಬರೆಯಲಿ. ಹತ್ತು ರೂಪಾಯಿಯ ಲೆಕ್ಕ ಓದಿ ಹೇಳಲು ಎದ್ದು ನಿಂತವನು ನಾಳೆ ಸಂಬಳದ ಲೆಕ್ಕವನ್ನೂ ಕೇಳುತ್ತಾನೆ. ಕೆಲವರ ಹೆದರಿಕೆ ಅದೇ ಇರಬಹುದು.

ಧಣಿಗಳೇ, “ಹುಡುಗ ನಾಟಕಕ್ಕೆ ಹೋದರೆ ಗಿರಾಕಿಯನ್ನು ಯಾರು ನೋಡಬೇಕು?” ಎಂದು ಕೇಳುತ್ತೀರಿ. ೧೯೪೮ರ ಅಂಗಡಿ ಕಾಯಿದೆಯಲ್ಲೂ, ಅದರ ಬದಲಿಗೆ ಬಂದ ೨೦೧೭ರ ಕಾಯಿದೆಯಲ್ಲೂ ವಾರದ ರಜೆ ಬರೆದಿದೆ. ಅದನ್ನು ಮೊದಲು ಕೊಡಿ, ತಾಲೀಮನ್ನು ಅವನು ಆ ದಿನ ಮಾಡಿಕೊಳ್ಳುತ್ತಾನೆ.

ನಮ್ಮ ಸಂಘವೂ ಇದರಲ್ಲಿ ನಿರಪರಾಧಿಯಲ್ಲ. ಬೋನಸ್ಸಿನ ಕಾಲಕ್ಕೆ ಹುಡುಗರನ್ನು ಮೆರವಣಿಗೆಗೆ ಕರೆಯುತ್ತೇವೆ, ಅವರ ಓದಿನ ಬಗ್ಗೆ ಕೇಳುವುದಿಲ್ಲ. ಸಂಘದ ಕೊಠಡಿ ಭಾನುವಾರ ಮಧ್ಯಾಹ್ನವೆಲ್ಲ ಬೀಗ ಹಾಕಿಕೊಂಡೇ ಇರುತ್ತದೆ. ಆ ಬೀಗದ ಕೈಯನ್ನು ತಾಲೀಮಿಗೆ ಬರುವ ಹುಡುಗರಿಗೆ ಕೊಡಬೇಕೆಂಬ ಠರಾವನ್ನು ಮುಂದಿನ ಸಭೆಯಲ್ಲಿ ನಾವೇ ಮಂಡಿಸುತ್ತೇವೆ. ವಿರೋಧಿಸುವವರು ಬಂದು ಎದುರಿಗೇ ಮಾತನಾಡಲಿ.