ನಮ್ಮ ಬಾಲಿಕೆಯರೂ ಹಾಕಿಯ ಆಟವೂ

ಅಂತರಶಾಲಾ ಪಂದ್ಯಗಳು ಮುಗಿದೊಡನೆ ಮಾತಾಪಿತೃಗಳು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: ಈ ವರ್ಷ ಕಪ್ ಬಂದಿತೇ? ಕೊಡಗಿನಲ್ಲಿ ಈ ಪ್ರಶ್ನೆ ಸಹಜವಾದುದು. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ತಂಡದ ಎಂ. ಪಿ. ಗಣೇಶರೂ, 1980ರಲ್ಲಿ ಮಾಸ್ಕೋದಿಂದ ಚಿನ್ನ ತಂದ ತಂಡದ ಎಂ. ಎಂ. ಸೋಮಯ್ಯನವರೂ ಈ ನಾಡಿನವರೇ ಅಲ್ಲವೇ? ಆದರೂ ಶಾಲೆಯ ಆಟವನ್ನು ಕಪ್ಪುಗಳ ಎಣಿಕೆಯಿಂದ ಅಳೆಯುವುದು ತಕ್ಕುದಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಶಾಲೆ ಬಿಟ್ಟ ಬಳಿಕವೂ ಎಷ್ಟು ಮಂದಿ ಬಾಲಿಕೆಯರು ಕೋಲು ಹಿಡಿದು ಮೈದಾನಕ್ಕಿಳಿಯುವರು ಎಂಬುದೇ ನಿಜವಾದ ಅಳತೆ.

ಕಪ್ ಗೆಲ್ಲುವುದಕ್ಕೆ ಸುಲಭವಾದ ಉಪಾಯವೊಂದುಂಟು. ಎಂಟನೆಯ ತರಗತಿಯಲ್ಲಿ ಮೈಕಟ್ಟು ಬಲವಾಗಿರುವ ಒಬ್ಬಳನ್ನು ಆರಿಸಿ ಪೆನಾಲ್ಟಿ ಕಾರ್ನರುಗಳನ್ನೆಲ್ಲ ಅವಳಿಗೇ ವಹಿಸುವುದು. ಚುರುಕಾಗಿ ಓಡುವ ಇನ್ನೊಬ್ಬಳನ್ನು ಬಲಪಾರ್ಶ್ವದಲ್ಲಿ ನಿಲ್ಲಿಸುವುದು. ಉಳಿದವರು ಇವರಿಬ್ಬರಿಗೆ ಚೆಂಡನ್ನು ಒಪ್ಪಿಸಿದರೆ ಸಾಕು. ಇದರಿಂದ ಗೆಲವು ದೊರೆಯಬಹುದು. ಆದರೆ ಆ ಉಳಿದವರು ಕಲಿತದ್ದೇನು?

ಹಾಕಿಯ ಕೋಲಿಗೆ ಚಪ್ಪಟೆಯಾದ ಮಗ್ಗುಲು ಒಂದೇ. ದುಂಡಗಿನ ಹಿಂಬದಿಯಿಂದ ಚೆಂಡನ್ನು ಆಡಕೂಡದು. ಎಡಗೈಯವರಿಗೆಂದು ಬೇರೆ ಕೋಲೂ ಇಲ್ಲ. ಆದಕಾರಣ ಬಲಪಾರ್ಶ್ವದಲ್ಲಿ ಆಡುವವಳಿಗೂ ಎಡಪಾರ್ಶ್ವದಲ್ಲಿ ಆಡುವವಳಿಗೂ ಬೇಕಾದ ಕೈಚಳಕ ಬೇರೆಬೇರೆ. ಹದಿಮೂರರ ಬಾಲಿಕೆಯನ್ನು ಒಂದೇ ಸ್ಥಾನಕ್ಕೆ ಕಟ್ಟಿಹಾಕಿದರೆ ಅವಳಿಗೆ ಅರ್ಧ ಆಟವನ್ನು ಮಾತ್ರ ಕಲಿಸಿದಂತೆ. ಅಲ್ಲದೆ ಆ ವಯಸ್ಸಿನಲ್ಲಿ ದೇಹವು ಇನ್ನೂ ಬೆಳೆಯುತ್ತಿರುವುದು. ಇಂದು ಎಲ್ಲರಿಗಿಂತ ಎತ್ತರವಾಗಿರುವವಳು ಮೂರು ವರ್ಷಗಳ ಮೇಲೆಯೂ ಹಾಗೆಯೇ ಇರುವಳೆಂದು ಹೇಳಬಲ್ಲವರಾರು?

ಮಾಡತಕ್ಕದ್ದು ಇಷ್ಟು. ಹನ್ನೊಂದು ಹನ್ನೊಂದು ಮಂದಿಯ ಆಟದಲ್ಲಿ ಇಪ್ಪತ್ತೆರಡು ಮಂದಿಗೆ ಒಂದೇ ಚೆಂಡು. ಮೈದಾನದ ಕಾಲುಭಾಗದಲ್ಲಿ ನಾಲ್ವರಿಗೆ ನಾಲ್ವರಂತೆ ಆಡಿಸಿದರೆ ಹೆದರಿ ಹಿಂದೆ ನಿಲ್ಲುವವಳ ಕೋಲಿಗೂ ಚೆಂಡು ಮತ್ತೆಮತ್ತೆ ಬರುವುದು. ಒಂಬತ್ತನೆಯ ತರಗತಿ ಮುಗಿಯುವವರೆಗೆ ಪ್ರತಿಯೊಬ್ಬಳೂ ಎಲ್ಲ ಸ್ಥಾನಗಳಲ್ಲಿಯೂ ಆಡಿ ನೋಡತಕ್ಕದ್ದು. ಗೋಲು ಕಾಯುವವಳೂ ಅಭ್ಯಾಸದಲ್ಲಿ ಹೊರಗೆ ಬಂದು ಆಡಲಿ. ಕಕ್ಕಡದ ಮಳೆಯಲ್ಲಿ ಮೈದಾನವು ಕೆಸರಾದಾಗ ಸಭಾಂಗಣದಲ್ಲಿಯೇ ಕೋಲನ್ನು ಮಗುಚಿ ಚೆಂಡನ್ನು ಎಡಕ್ಕೂ ಬಲಕ್ಕೂ ಆಡುವ ಸಾಧನೆಯಾಗಲಿ. ಬದಲಿ ಆಟಗಾರ್ತಿಯರನ್ನು ಪದೇ ಪದೇ ಇಳಿಸುವುದಕ್ಕೆ ಹಾಕಿಯ ನಿಯಮವೇ ಅನುಮತಿ ಕೊಟ್ಟಿರುವುದರಿಂದ, ತಂಡದ ಪಟ್ಟಿಯಲ್ಲಿರುವ ಪ್ರತಿಯೊಬ್ಬಳೂ ಪ್ರತಿ ಪಂದ್ಯದಲ್ಲಿಯೂ ಸ್ವಲ್ಪ ಹೊತ್ತಾದರೂ ಆಡಲೇಬೇಕು.

ಹೀಗೆ ಮಾಡಿದರೆ ಸಮರ್ಥರಿಗೆ ನಷ್ಟವಲ್ಲವೇ ಎಂದು ಕೆಲವರು ಕೇಳುವರು. ಇಲ್ಲ, ಜತೆಗಾರ್ತಿಯು ಎಲ್ಲಿರುವಳೆಂದು ತಲೆಯೆತ್ತಿ ನೋಡುವ ಅಭ್ಯಾಸವು ಸಮರ್ಥಳಿಗೇ ಹೆಚ್ಚಾಗಿ ಬೇಕು. ಒಂದೆರಡು ಪಂದ್ಯಗಳನ್ನು ನಾವು ಸೋಲಬಹುದೆಂಬುದು ನಿಜ. ಆ ಬೆಲೆಯನ್ನು ತೆರುವುದಕ್ಕೆ ನಾನು ಸಿದ್ಧಳಾಗಿದ್ದೇನೆ.

1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವವನ್ನು ನೀವೆಲ್ಲರೂ ಬಲ್ಲಿರಿ. ಆ ವರ್ಷ 60 ಕುಟುಂಬಗಳು ಸೇರಿದ್ದುವು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಸೇರಿದುವು. ಅಲ್ಲಿ ಹಿರಿಯರೊಡನೆ ಬಾಲಿಕೆಯರೂ ಒಂದೇ ತಂಡದಲ್ಲಿ ಆಡುವರು. ಆದರೆ ನಮ್ಮ ಶಾಲೆಗೆ ಕಾಫಿ ತೋಟಗಳ ಲೈನ್ ಮನೆಗಳಿಂದಲೂ ಮಕ್ಕಳು ಬರುವರಷ್ಟೆ. ಅವರಿಗೆ ಮನೆತನದ ತಂಡವಿಲ್ಲ, ಬೇಸಿಗೆಯ ಉತ್ಸವಕ್ಕೆ ಕರೆಯೂ ಇಲ್ಲ. ಅಂತಹ ಬಾಲಿಕೆಗೆ ಶಾಲೆಯ ಮೈದಾನವೊಂದೇ ಮೈದಾನ. ಅವಳನ್ನು ಮೂರು ವರ್ಷ ಬೆಂಚಿನ ಮೇಲೆ ಕೂರಿಸಿದರೆ ಅವಳ ಆಟವು ಅಲ್ಲಿಗೇ ಮುಗಿಯಿತು.

ಆಟಕ್ಕೆ ಗೋಲು ಹೊಡೆಯುವವರು ಮಾತ್ರ ಸಾಲದೆಂಬುದನ್ನೂ ಮರೆಯಬಾರದು. 2021ರಲ್ಲಿ ಟೋಕಿಯೋದ ಒಲಿಂಪಿಕ್ಸಿನಲ್ಲಿ ನಮ್ಮ ದೇಶದ ಮಹಿಳೆಯರು ಆಸ್ಟ್ರೇಲಿಯವನ್ನು ಸೋಲಿಸಿ ನಾಲ್ಕನೆಯ ಸ್ಥಾನಕ್ಕೇರಿದಾಗ ಆ ತಂಡದ ಸಹಾಯಕ ತರಬೇತುದಾರರಾಗಿದ್ದವರು ಕೊಡಗಿನ ಅಂಕಿತಾ ಸುರೇಶ್. ಅದೇ ವರ್ಷ ನಮ್ಮನ್ನಗಲಿದ ಅನುಪಮಾ ಪುಚ್ಚಿಮಂಡ ಅವರು ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ತೀರ್ಪುಗಾರ್ತಿಯಾಗಿ ಹೆಸರು ಪಡೆದವರು. ಕಲಿಸುವವಳಿಗೂ ತೀರ್ಪು ಕೊಡುವವಳಿಗೂ ಆಟದ ಎಲ್ಲ ಸ್ಥಾನಗಳ ಅರಿವು ಬೇಕು. ಆ ಅರಿವು ಮೊದಲು ದೊರೆಯತಕ್ಕದ್ದು ಶಾಲೆಯಲ್ಲಿಯೇ.

ಆದುದರಿಂದ ಮಾತಾಪಿತೃಗಳಲ್ಲಿ ನನ್ನ ಬಿನ್ನಹವೇನೆಂದರೆ, ನಿಮ್ಮ ಮಗಳು ಗೆದ್ದಳೇ ಎಂದು ಕೇಳುವ ಮುನ್ನ ಆಡಿದಳೇ ಎಂದು ಕೇಳಿರಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಹತ್ತಿರದಲ್ಲಿರುವವರು ಶನಿವಾರದ ಮಧ್ಯಾಹ್ನ ಒಂದು ಗಂಟೆಯ ಕಾಲ ಮೈದಾನಕ್ಕೆ ಬಂದು ಕಿರಿಯರ ಒಂದೊಂದು ಗುಂಪನ್ನು ಆಡಿಸಿದರೆ ನಮ್ಮ ವ್ಯಾಯಾಮ ಶಿಕ್ಷಕಿಗೆ ದೊಡ್ಡ ಸಹಾಯವಾಗುವುದು. ಕೋಲುಗಳು ಶಾಲೆಯಲ್ಲಿಯೇ ಇರುವುವು. ನೀವು ಬಂದರೆ ಸಾಕು.