ಯಾರ ಪಕ್ಕ ಕೂತು ಉಣ್ಣುತ್ತೀರಿ?

ಕಳೆದ ಬೇಸಿಗೆಯಲ್ಲಿ ನಮ್ಮ ಕೇರಿಯ ಪಕ್ಕದ ಬಯಲಲ್ಲಿ ಮೂರು ದಿನ ಉಜ್ಜೀವನ ಕೂಟ ನಡೆಯಿತು. ಶಾಮಿಯಾನ, ಟ್ಯೂಬ್‌ಲೈಟು, ನಾಲ್ಕು ದಿಕ್ಕಿಗೂ ಮೈಕು. ದೂರದ ಪೇಟೆಯಿಂದ ಬಂದ ಬೋಧಕರು ಬಿಳಿ ಅಂಗಿ ತೊಟ್ಟು ನಿಂತು, ಆತ್ಮಿಕವಾಗಿ ಬೆಳೆಯಿರಿ ಅಂದರು. ಹೇಗೆ ಬೆಳೆಯಬೇಕು ಅಂತಲೂ ಹೇಳಿದರು. ದಿನಾ ಸತ್ಯವೇದ ಓದಿ, ನಸುಕಿನಲ್ಲೆದ್ದು ಪ್ರಾರ್ಥನೆ ಮಾಡಿ, ಶುಕ್ರವಾರ ಉಪವಾಸ ಇರಿ, ದುಡಿದದ್ದರಲ್ಲಿ ಹತ್ತರಲ್ಲೊಂದು ಪಾಲು ಕೊಡಿ, ಸಂಘ ಗಿಂಘ, ಧರಣಿ ಗಿರಣಿ ಅಂತ ಲೋಕದ ಕೆಲಸಕ್ಕೆ ಹೋಗಬೇಡಿ. ಈ ಕೊನೆಯ ಮಾತನ್ನು ಹಿಂದೆ ನಿಂತಿದ್ದ ನಮ್ಮ ಕಡೆ ನೋಡಿಕೊಂಡೇ ಹೇಳಿದರು.

ಟೊಮೊಟೊ ತೋಟದಲ್ಲಿ ಹಗಲೆಲ್ಲ ಬಗ್ಗಿ ಬಂದಿದ್ದ ನಮ್ಮ ಅವ್ವಂದಿರು ಸೆರಗು ಬಾಯಿಗೆ ಹಿಡಿದು ಅತ್ತರು. ಉಪವಾಸದ ಮಾತು ಬಂದಾಗ ಮಾತ್ರ ನಮ್ಮಲ್ಲೊಬ್ಬನ ಅಜ್ಜಿ ಮೆಲ್ಲಗೆ ಅಂದಳು: "ಅದನ್ನ ನಮಗೆ ಏಳ್ಕೊಡ್ಬೇಕಾ ಅಯ್ನೋರೆ? ಉಟ್ದಾಗ್ಲಿಂದ ಅದೇ ತಾನೆ ಮಾಡ್ಕೊಂಡ್ ಬಂದಿರಾದು."

ಗೆಳೆಯರೇ, ನಾವು ಪ್ರಾರ್ಥನೆಯನ್ನು ಹಾಸ್ಯ ಮಾಡಲು ಇದನ್ನು ಬರೆಯುತ್ತಿಲ್ಲ. ಧರ್ಮ ಅಂದರೆ ಅಫೀಮು ಅಂತ ಒಂದೇ ಮಾತಲ್ಲಿ ಮುಗಿಸಿಬಿಡುವ ಗೆಳೆಯರು ನಮ್ಮ ಸಂಘದಲ್ಲೂ ಇದ್ದಾರೆ. ಅವರ ಮನೆಯ ಗೃಹಪ್ರವೇಶಕ್ಕೆ ಪುರೋಹಿತರು ಬಂದು ಹೋದದ್ದು ನಮಗೆ ಗೊತ್ತಿದೆ, ಇರಲಿ. ಗೌಡರ ಮುಂದೆ, ಸಾಲ ಕೊಟ್ಟವನ ಮುಂದೆ, ಆಸ್ಪತ್ರೆ ಚೀಟಿ ಬರೆಯೋನ ಮುಂದೆ ದನಿ ತಗ್ಗಿಸಿಯೇ ಮಾತಾಡುವ ನಮ್ಮವ್ವ ದನಿ ಎತ್ತಿ ಮಾತಾಡೋದು ಪ್ರಾರ್ಥನೆಯಲ್ಲಿ ಮಾತ್ರ. ಅದನ್ನು ಕಿತ್ತುಕೊಳ್ಳುವ ಹಕ್ಕು ನಮಗಿಲ್ಲ. ನಮ್ಮ ತಕರಾರಿರುವುದು ಬೋಧಕರ ಅಳತೆಗೋಲಿನ ಮೇಲೆ. ಎಷ್ಟು ಹೊತ್ತು ಮೊಣಕಾಲೂರಿದೆ, ಎಷ್ಟು ಅಧ್ಯಾಯ ಓದಿದೆ, ಎಷ್ಟು ಕಾಣಿಕೆ ಹಾಕಿದೆ ಅಂತ ಅಳೆಯುವ ಇವರು, ಯಾರ ಪಕ್ಕ ಕೂತು ಉಂಡೆ ಅಂತ ಯಾಕೆ ಅಳೆಯುವುದಿಲ್ಲ?

ಅವರ ಪುಸ್ತಕವೇ ಅದನ್ನು ಅಳೆಯುತ್ತದೆ. ಅಂತಿಯೋಕ್ಯದ ಸಂಗತಿ ನೋಡಿ. ಪೇತ್ರ ಸಾಮಾನ್ಯ ವಿಶ್ವಾಸಿಯಲ್ಲ. ಯೇಸುವಿನ ಜೊತೆ ತಿರುಗಿದವನು, ಪಂಚಾಶತ್ತಮ ಹಬ್ಬದ ದಿನ ಅವನ ಒಂದು ಬೋಧನೆಗೆ ಮೂರು ಸಾವಿರ ಜನ ಬಂದರೆಂದು ಬರೆದಿದೆ. ಇಂಥವನು ಅಂತಿಯೋಕ್ಯದಲ್ಲಿ ಅನ್ಯಜನರ ಜೊತೆ ಕೂತು ಉಣ್ಣುತ್ತಿದ್ದ. ಯೆರೂಸಲೇಮಿನ ಕಡೆಯಿಂದ ಸುನ್ನತಿಯವರು ಬಂದ ಕೂಡಲೆ ಅವರಿಗೆ ಅಂಜಿ ಪಂಕ್ತಿಯಿಂದ ಹಿಂದೆ ಸರಿದ. ದೊಡ್ಡವನೇ ಸರಿದ ಮೇಲೆ ಉಳಿದವರೂ ಸರಿದರು, ಬಾರ್ನಬನೂ ಸರಿದ. ಪೌಲ ಏನು ಮಾಡಿದ? ಪೇತ್ರನಿಗಾಗಿ ಉಪವಾಸ ಪ್ರಾರ್ಥನೆ ಇಟ್ಟನೆ? ಇಲ್ಲ. ಎಲ್ಲರ ಎದುರಿಗೆ ಮುಖಕ್ಕೆ ಮುಖ ಕೊಟ್ಟು ಬೈದ. ಊಟದ ಪಂಕ್ತಿಯಿಂದ ಎದ್ದವನು ಸುವಾರ್ತೆಯ ದಾರಿಯನ್ನೇ ತಪ್ಪಿದ ಅನ್ನುವುದು ಪೌಲನ ವಾದ.

ಕೊರಿಂಥದ್ದೂ ಅದೇ ಕತೆ. ಉಳ್ಳವರು ಮುಂಚೆ ಬಂದು ಹೊಟ್ಟೆ ತುಂಬ ಉಂಡು ಕುಡಿದು ಮತ್ತರಾಗುತ್ತಿದ್ದರು, ಇಲ್ಲದವರು ಬರುವಷ್ಟರಲ್ಲಿ ಪಾತ್ರೆ ಖಾಲಿ. ನೀವು ಉಣ್ಣುತ್ತಿರುವುದು ಕರ್ತನ ಭೋಜನವೇ ಅಲ್ಲ ಅಂತ ಪೌಲ ಕಾಗದ ಬರೆದ. ಯಾಕೋಬನ ಪತ್ರಿಕೆಯಲ್ಲಂತೂ ನಮ್ಮ ಚರ್ಚಿನ ಭಾನುವಾರದ ಫೋಟೋನೇ ಇದೆ: ಚಿನ್ನದುಂಗುರದವನಿಗೆ ಒಳ್ಳೆ ಜಾಗ, ಕೊಳೆ ಬಟ್ಟೆಯವನಿಗೆ ಕಾಲ ಹತ್ತಿರದ ನೆಲ. ಇನ್ನು ಯೇಸು ಯಾಕೋಬನ ಬಾವಿಯ ಹತ್ತಿರ ಸಮಾರ್ಯದ ಹೆಂಗಸಿನ ಕೈಯಿಂದ ನೀರು ಕೇಳಿದ್ದು. ಆ ಹೆಂಗಸು ಬೆಚ್ಚಿಬಿದ್ದದ್ದು ಯಾಕೆ ಅಂತ ದೇವರ ಶಾಸ್ತ್ರದ ಕಾಲೇಜಿನಲ್ಲಿ ಪಾಠ ಹೇಳಬೇಕಾಗಬಹುದು. ನಮ್ಮ ಕೇರಿಯಲ್ಲಿ ಹೇಳಬೇಕಾಗಿಲ್ಲ.

ಈಗ ನಮ್ಮ ಕಡೆ ಬನ್ನಿ. ನಮ್ಮ ತಾಲ್ಲೂಕಿನ ಪೇಟೆ ಚರ್ಚಿಗೆ ನಾವು ಮೂರು ತಲೆಮಾರಿನಿಂದ ಹೋಗುತ್ತೇವೆ. ಮುಂದಿನ ಬೆಂಚುಗಳು ಹಳೇ ಮನೆತನದವರವು. ಹಾಗೆಂದು ಎಲ್ಲೂ ಬರೆದಿಲ್ಲ, ಬರೆಯಬೇಕಾಗಿಯೂ ಇಲ್ಲ. ಪರಿಶುದ್ಧ ಭೋಜನದ ಬಟ್ಟಲು ಮೊದಲು ಅವರ ತುಟಿಗೆ, ಕೊನೆಗೆ ನಮ್ಮ ತುಟಿಗೆ. ಒಂದು ಸಲ ನಮ್ಮ ಹುಡುಗಿಯೊಬ್ಬಳು ಗೊತ್ತಿಲ್ಲದೆ ಮುಂದೆ ಹೋಗಿ ನಿಂತಳು. ಅವಳ ನಂತರ ಬಂದ ಇಬ್ಬರು ಅವತ್ತು ಬಟ್ಟಲು ಮುಟ್ಟದೆ ಎದ್ದು ಹೋದರು. ಕೇಳಿದರೆ ನೆಗಡಿ ಅಂದರು. ಸುಗ್ಗಿ ಹಬ್ಬಕ್ಕೆ ರಾಗಿ, ಕುಂಬಳಕಾಯಿ, ಕೋಳಿ ಹೊತ್ತು ತರುವವರು ನಾವು. ಊಟಕ್ಕೆ ಅವರಿಗೆ ಕುರ್ಚಿ, ನಮಗೆ ಕಾಂಪೌಂಡಿನ ನೆರಳು. ಸತ್ತ ಮೇಲೆ ಅವರಿಗೆ ಗೇಟಿನ ಹತ್ತಿರದ ಕಲ್ಲು ಸಮಾಧಿ, ನಮಗೆ ಹಿಂದಿನ ಜಾಲಿಮುಳ್ಳಿನ ಮೂಲೆ. ಪುನರುತ್ಥಾನದ ದಿನ ಅವರು ಗೇಟಿನಿಂದ ಹೊರಟ ಮೇಲೆ ನಾವು ಏಳಬೇಕೋ ಏನೋ!

ಇದು ನಮ್ಮೊಂದು ಪೇಟೆಯ ರೋಗ ಅಂದುಕೊಳ್ಳಬೇಡಿ. ಇದಕ್ಕೆ ನಾನೂರು ವರ್ಷದ ಚರಿತ್ರೆಯಿದೆ. 1606ರಲ್ಲಿ ಮಧುರೆಗೆ ಬಂದ ಇಟಲಿಯ ಪಾದ್ರಿ ರಾಬರ್ಟ್ ಡಿ ನೊಬಿಲಿ ಸಂನ್ಯಾಸಿಯ ವೇಷ ಹಾಕಿ, ಮೇಲ್ಜಾತಿಯವರನ್ನು ಒಲಿಸಲು ಕೆಳಜಾತಿಯವರಿಂದ ದೂರ ನಿಂತ. ಕ್ರೈಸ್ತರಾದ ಬ್ರಾಹ್ಮಣರು ಜನಿವಾರ, ಜುಟ್ಟು ಇಟ್ಟುಕೊಳ್ಳಬಹುದು ಅಂತ 1623ರಲ್ಲಿ ರೋಮಿನ ಪೋಪರೇ ಒಪ್ಪಿಗೆ ಕೊಟ್ಟರು. ಮುಂದೆ ಕೆಳಜಾತಿಗಳಿಗೆ ಬೇರೆ ಗುರುಗಳನ್ನು ನೇಮಿಸಿದರು. ಯೇಸು ಒಬ್ಬನೇ, ಪಾದ್ರಿ ಮಾತ್ರ ಎರಡು ಬಗೆ. ಪ್ರಾಟೆಸ್ಟೆಂಟರ ಕಡೆ 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಚರ್ಚಿನೊಳಗಿನ ಜಾತಿಯನ್ನು ಪೂರ್ತಿ ಬಿಡಬೇಕೆಂದು ಆಜ್ಞೆ ಮಾಡಿದಾಗ ಮದ್ರಾಸು, ತಂಜಾವೂರಿನ ಕಡೆ ಮೇಲ್ಜಾತಿಯ ಕ್ರೈಸ್ತರು ಅನೇಕರು ಸಭೆ ಬಿಟ್ಟು ನಡೆದರು. ಕ್ರಿಸ್ತನನ್ನು ಬಿಡಬಹುದು, ಪಂಕ್ತಿಭೇದ ಬಿಡಲಾಗದು!

ಬೆಳೆದವರು ಯಾರೂ ಇಲ್ಲವೇ? ಇದ್ದಾರೆ. ಆಂಧ್ರದ ಒಂಗೋಲು ಕಡೆಯ ಯರ್ರಗುಂಟ್ಲ ಪೆರಯ್ಯ. ಮಾದಿಗ, ಚರ್ಮದ ವ್ಯಾಪಾರಿ. 1860ರ ದಶಕದಲ್ಲಿ ಕ್ರಿಸ್ತನ ಸುದ್ದಿಯನ್ನು ತಾನೇ ಹುಡುಕಿಕೊಂಡು ಹೋಗಿ ದೀಕ್ಷಾಸ್ನಾನ ಪಡೆದು ಬಂದು ಹಳ್ಳಿ ಹಳ್ಳಿ ತಿರುಗಿ ತನ್ನ ಜನಕ್ಕೆ ಹೇಳಿದ. ನಂಬಿದ ಮಾದಿಗರು ಮೊದಲು ಮಾಡಿದ ಕೆಲಸ ಯಾವುದು ಗೊತ್ತೆ? ಸತ್ತ ದನದ ಮಾಂಸ ತಿನ್ನಲ್ಲ ಅಂದರು. ಊರಹಬ್ಬಕ್ಕೆ ತಮಟೆ ಬಡಿಯಲ್ಲ ಅಂದರು. ಭಾನುವಾರ ಬಿಟ್ಟಿ ಕೆಲಸಕ್ಕೆ ಬರಲ್ಲ ಅಂದರು. ಅದಕ್ಕೆ ಒಡೆಯರು ಹೊಡೆದರು, ನೀರಿನ ದಾರಿ ಮುಚ್ಚಿದರು. ಇವರು ಬಗ್ಗಲಿಲ್ಲ. ನಾವು ಆತ್ಮಿಕ ಬೆಳವಣಿಗೆ ಅನ್ನೋದು ಇದಕ್ಕೆ. ಅಕ್ಷರ ಬಾರದ ಮಾದಿಗ ಒಡೆಯನ ಮುಂದೆ 'ಆಗಲ್ಲ' ಅನ್ನುವಷ್ಟು ಬೆಳೆದನಲ್ಲ, ಅದಕ್ಕೆ.

ಇವರನ್ನು ಗಂಜಿಗೆ ಬಂದವರು ಅಂತ ಹಂಗಿಸುವವರಿಗೊಂದು ಮಾತು. 1876ರಿಂದ 78ರ ಬರದಲ್ಲಿ ಒಂಗೋಲಿನ ಅಮೆರಿಕನ್ ಪಾದ್ರಿ ಜಾನ್ ಕ್ಲೌ ಬಕಿಂಗ್‌ಹ್ಯಾಂ ಕಾಲುವೆಯಲ್ಲಿ ಮೂರು ಮೈಲಿಗೂ ಮಿಕ್ಕಿ ಅಗೆಯುವ ಗುತ್ತಿಗೆ ಹಿಡಿದು ಸಾವಿರಾರು ಜನಕ್ಕೆ ಕೂಲಿ ಕೊಡಿಸಿದ. ಅನ್ನಕ್ಕಾಗಿ ಬಂದರು ಅನ್ನಿಸಿಕೊಳ್ಳಬಾರದೆಂದು ಬರ ನಡೆಯುವಾಗ ದೀಕ್ಷಾಸ್ನಾನ ಕೊಡದೆ ನಿಲ್ಲಿಸಿದ. ಪರಿಹಾರದ ಕೆಲಸ ಮುಗಿದ ಮೇಲೂ ಜನ ಬಂದು ಪಟ್ಟು ಹಿಡಿದರು. 1878ರ ಜುಲೈ 3ರಂದು ಒಂದೇ ದಿನ 2,222 ಜನ ನೀರಿಗಿಳಿದರು. ಗಂಜಿ ಕುಡಿದು ಹೋಗುವವರಾಗಿದ್ದರೆ ಗಂಜಿ ನಿಂತ ಮೇಲೆ ಯಾಕೆ ಬಂದರು?

ಆದರೆ ಸರಕಾರ ಈ ಹಂಗಿಕೆಯನ್ನೇ ಕಾನೂನು ಮಾಡಿಕೊಂಡಿದೆ. 1950ರ ರಾಷ್ಟ್ರಪತಿಗಳ ಆಜ್ಞೆ ಪರಿಶಿಷ್ಟ ಜಾತಿ ಅಂದರೆ ಹಿಂದೂಗಳು ಮಾತ್ರ ಅಂದಿತು. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರಾದ, ಮುಸಲ್ಮಾನರಾದ ದಲಿತರು ಇನ್ನೂ ಹೊರಗೇ. ಮದ್ರಾಸಿನ ಬೀದಿ ಬದಿಯಲ್ಲಿ ಚಪ್ಪಲಿ ಹೊಲಿಯುವವರಿಗೆ ಸರಕಾರ ಪೆಟ್ಟಿಗೆ ಅಂಗಡಿ ಹಂಚಿತು, ಪಕ್ಕದಲ್ಲೇ ಕೂತು ಹೊಲಿಯುವ ಕ್ರೈಸ್ತನಿಗೆ ಕೊಡಲಿಲ್ಲ. ಅವನು ದಿಲ್ಲಿಯವರೆಗೆ ಹೋದ. ಕ್ರೈಸ್ತನಾದ ಮೇಲೂ ಅಷ್ಟೇ ಕಷ್ಟ ಇದೆ ಅನ್ನುವುದಕ್ಕೆ ಪುರಾವೆ ಸಾಲದು ಅಂತ 1985ರಲ್ಲಿ ಸುಪ್ರೀಂ ಕೋರ್ಟು ಅವನ ಅರ್ಜಿ ತಳ್ಳಿತು. ಅದೇ ಉಳಿ, ಅದೇ ದಾರ, ಅದೇ ಬೀದಿ. ಇನ್ಯಾವ ಪುರಾವೆ ಬೇಕಿತ್ತು ಸ್ವಾಮಿ? 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಈ ಧರ್ಮದ ಷರತ್ತು ತೆಗೆಯಿರಿ ಅಂದಿತು, ತೆಗೆಯಲಿಲ್ಲ. 2022ರಲ್ಲಿ ಬಾಲಕೃಷ್ಣನ್ ಆಯೋಗ ಅಂತ ಇನ್ನೊಂದನ್ನು ನೇಮಿಸಿದರು. ಅದೇ ವರ್ಷ ನಮ್ಮ ರಾಜ್ಯದಲ್ಲಿ ಬಂದ ಮತಾಂತರ ಕಾಯ್ದೆ ಯಾರನ್ನು ಮತಾಂತರ ಮಾಡಿದರೆ ಹೆಚ್ಚು ಶಿಕ್ಷೆ ಅಂತ ಪಟ್ಟಿ ಕೊಟ್ಟಿತು: ಮಕ್ಕಳು, ಬುದ್ಧಿ ಸ್ಥಿಮಿತ ಇಲ್ಲದವರು, ಹೆಂಗಸರು, ದಲಿತರು, ಆದಿವಾಸಿಗಳು. ನಮ್ಮ ತಲೆಗೆ ಅವರು ಕಟ್ಟಿದ ಬೆಲೆ ಅದು. ಅದನ್ನು ರದ್ದು ಮಾಡುತ್ತೇವೆಂದು 2023ರಲ್ಲಿ ಮುಂದಿನ ಸರಕಾರದ ಸಂಪುಟ ತೀರ್ಮಾನಿಸಿತು. ಪಟ್ಟಿ ಬರೆದ ಬುದ್ಧಿಯನ್ನು ಯಾವ ಸಂಪುಟ ರದ್ದು ಮಾಡೀತು?

ಹೀಗಾಗಿ ನಮಗೆ ಎರಡೆರಡು ಹೆಸರು. ಶಾಲೆಯ ದಾಖಲೆಯಲ್ಲಿ ಒಂದು, ಚರ್ಚಿನ ಪುಸ್ತಕದಲ್ಲಿ ಒಂದು. ನಮ್ಮ ಮನೆಗಳಲ್ಲಿ ಮೊದಲ ಸಲ ಡಿಗ್ರಿ ಮುಗಿಸಿದ ನಾವು ಹಾಸ್ಟೆಲಿನಲ್ಲಿ ಉಂಡದ್ದು, ಸ್ಕಾಲರ್‌ಶಿಪ್ಪಿನಲ್ಲಿ ಓದಿದ್ದು ಮೊದಲನೇ ಹೆಸರಿನಿಂದ. ಸತ್ತರೆ ಹೂಳುವುದು ಎರಡನೇ ಹೆಸರಿನಿಂದ. ಕೂಟದ ಬೋಧಕರು ಇದನ್ನು ಸುಳ್ಳು ಅಂದರು, ಪಾಪ ಅಂದರು, ನಿಮ್ಮ ಬೆಳವಣಿಗೆಗೆ ಇದೇ ಅಡ್ಡಿ ಅಂದರು. ಸುಳ್ಳು ಹೌದು. ನಮಗೂ ಅದು ಗಂಟಲಲ್ಲಿ ಮುಳ್ಳು. ಆದರೆ ಆ ಸುಳ್ಳನ್ನು ಹೇಳಿಸುವ ಕಾನೂನಿನ ವಿರುದ್ಧ ನಾವು ಧರಣಿ ಕೂತಾಗ ಈ ಬೋಧಕರು ಎಲ್ಲಿದ್ದರು? ಧರಣಿ ಲೋಕದ ಕೆಲಸ, ಹೋಗಬೇಡಿ ಅಂದವರು ಇವರೇ ತಾನೆ?

1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಎಂಬ ಮೇಷ್ಟ್ರು ಒಂದು ಭಾಷಣ ಮಾಡಿದರು. ದೇವರನ್ನು ಶೂದ್ರರ, ದಲಿತರ ಕಣ್ಣಿನಿಂದ ನೋಡುವ ಶಾಸ್ತ್ರ ಅಲ್ಲಿಂದ ಬೆಳೆಯಿತು. ಪುಸ್ತಕಗಳಾದವು, ವಿಚಾರಸಂಕಿರಣಗಳಾದವು. 2022ರಲ್ಲಿ ಹೈದರಾಬಾದಿನ ಆಂಥೋನಿ ಪೂಲ ಮೊದಲ ದಲಿತ ಕಾರ್ಡಿನಲ್ ಆದರು. ಸಂತೋಷ. ಬೆಂಗಳೂರಿನಿಂದ ಒಂದು ಬಸ್ಸಿನ ದೂರ ಇರುವ ನಮ್ಮ ಚರ್ಚಿನ ಪೀಠಕ್ಕೆ ಮಾತ್ರ ಆ ಶಾಸ್ತ್ರ ಇಷ್ಟು ವರ್ಷವಾದರೂ ಬಂದು ಮುಟ್ಟಿಲ್ಲ.

ನಮ್ಮ ತಟ್ಟೆಯಲ್ಲಿರುವ ಕಲ್ಲನ್ನೂ ಹೇಳಬೇಕು. ಹೊಲೆಯರ ಹುಡುಗಿ ಮಾದಿಗರ ಹುಡುಗ ಮದುವೆಯಾಗುತ್ತೇವೆ ಅಂದಾಗ, ಇಬ್ಬರೂ ಒಂದೇ ಬಟ್ಟಲಿನಲ್ಲಿ ಕುಡಿದವರೇ ಆಗಿದ್ದರೂ, ನಮ್ಮ ಅಪ್ಪಂದಿರು ದೊಣ್ಣೆ ಹಿಡಿದಿದ್ದಾರೆ. ನಾವು ಕವಿಗಳು ಆವತ್ತು ಪದ್ಯ ಓದಲು ಬೇರೆ ಊರಿಗೆ ಹೋಗಿದ್ದೆವು. ಮುಂದಿನ ಬೆಂಚಿನವರ ಮುಖಕ್ಕೆ ಪೌಲನಂತೆ ನಿಲ್ಲುವ ಮುಂಚೆ ನಮ್ಮ ಮನೆಯ ಪೇತ್ರರ ಮುಂದೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಆ ಹುಡುಗ ಹುಡುಗಿ ಈಗ ಬೆಂಗಳೂರಿನಲ್ಲಿ ಗಾರ್ಮೆಂಟ್ಸಿಗೆ ಹೋಗುತ್ತಾರೆ. ಹಬ್ಬಕ್ಕೂ ಊರಿಗೆ ಬರುವುದಿಲ್ಲ.

ಅವರಿಗೆ ಈ ಸಲ ಕಾಗದ ಹಾಕಿದ್ದೇವೆ. ಚರ್ಚಿನ ಕಮಿಟಿಗೂ ಒಂದು ಅರ್ಜಿ ಕೊಟ್ಟಿದ್ದೇವೆ: ಬೆಂಚಿಗೆ ಮನೆತನ ಇಲ್ಲ, ಬಟ್ಟಲಿಗೆ ಸರದಿ ಇಲ್ಲ, ಸುಗ್ಗಿ ಹಬ್ಬಕ್ಕೆ ಒಂದೇ ಪಂಕ್ತಿ, ಸ್ಮಶಾನದಲ್ಲಿ ಸತ್ತ ದಿನದ ಲೆಕ್ಕಕ್ಕೆ ಜಾಗ. ಇಪ್ಪತ್ತೆಂಟು ಸಹಿ, ಒಂಬತ್ತು ಹೆಬ್ಬೆಟ್ಟು. ಉಪವಾಸದ ಮಾತಾಡಿದ ಅಜ್ಜಿಯ ಹೆಬ್ಬೆಟ್ಟು ಎಲ್ಲಕ್ಕಿಂತ ಮೇಲಿದೆ. ಉತ್ತರ ಬಂದಿಲ್ಲ. ಮುಂದಿನ ತಿಂಗಳ ಮೊದಲ ಭಾನುವಾರ ಪರಿಶುದ್ಧ ಭೋಜನ. ಗಂಟೆ ಹೊಡೆಯುವ ಮುಂಚೆಯೇ ಹೋಗಿ ಮೊದಲನೇ ಬೆಂಚಿನಲ್ಲಿ ಕೂರುತ್ತೇವೆ. ಪಕ್ಕದಲ್ಲಿ ಜಾಗ ಬಿಟ್ಟಿರುತ್ತೇವೆ.